ಹಿತ್ತಿಲಿನಲ್ಲಿ ಬೇಗ ಫಲಿಸುವ ಟೊಮ್ಯಾಟೊ

2023ನೆಯ ಇಸವಿಯ ಜುಲೈ ಮಾಸದಲ್ಲಿ ಕೋಲಾರದ ಮಾರುಕಟ್ಟೆಯೊಳಗೆ 15 ಕಿಲೋಗ್ರಾಂ ತೂಕದ ಒಂದು ಪೆಟ್ಟಿಗೆ ಟೊಮ್ಯಾಟೊ ಹಣ್ಣು 2,000 ರೂಪಾಯಿಗಳನ್ನು ಮೀರಿ ಮಾರಾಟವಾದುದು ವಾಚಕರ ನೆನಪಿನಲ್ಲಿರಬಹುದು. ಪಟ್ಟಣದ ಅಂಗಡಿಗಳಲ್ಲಿ ಕಿಲೋಗ್ರಾಂ ಒಂದಕ್ಕೆ ನೂರು ರೂಪಾಯಿಗಳಿಗೂ ಮಿಗಿಲಾದ ಬೆಲೆ ನಿಂತಿತು. ಸಾರಿಗೆ ಎರಡು ಹಣ್ಣು ಹಾಕುತ್ತಿದ್ದ ಗೃಹಿಣಿಯರು ಹುಣಿಸೆಯ ಡಬ್ಬಿಯ ಕಡೆಗೆ ಕೈ ನೀಡಿದರು. ಅದೇ ವರ್ಷದ ಸೆಪ್ಟೆಂಬರಿನ ಹೊತ್ತಿಗೆ ಬೆಲೆಯು ಮತ್ತೆ ಪಾತಾಳಕ್ಕಿಳಿದು, ಬೆಳೆದವರಿಗೆ ಹಲವೆಡೆ ಕೊಯ್ಲಿನ ಕೂಲಿಯೂ ಹುಟ್ಟದಂತಾಯಿತು.

ಇಂತಹ ಏರಿಳಿತವು ಆ ಒಂದು ವರ್ಷಕ್ಕೆ ಮಾತ್ರ ಸೇರಿದುದಲ್ಲ. ಬೇಸಗೆಯ ಬಿಸಿಲಿಗೆ ಹೂ ಉದುರುವುದು, ಬಿಳಿನೊಣವು ತರುವ ಎಲೆ ಮುಟುರು ರೋಗವು ಹಬ್ಬುವುದು, ಬಳಿಕ ಮುಂಗಾರಿನ ಮಳೆಗೆ ಕಾಯಿ ಕೊಳೆಯುವುದು, ಹಿಂದಿನ ಬೆಳೆಯಲ್ಲಿ ನಷ್ಟಪಟ್ಟ ರೈತರು ಈ ಸಲ ಕಡಮೆ ನಡುವುದು, ಇವೆಲ್ಲ ಕೂಡಿದಾಗ ಜೂನ್ ಜುಲೈ ತಿಂಗಳುಗಳಲ್ಲಿ ಹಣ್ಣಿನ ಅಭಾವವು ತಲೆದೋರುವುದು. ಈ ಕಾರಣಗಳನ್ನು ಗೃಹಸ್ಥನು ನಿವಾರಿಸಲಾರನು. ಆದರೆ ಹಿತ್ತಿಲಿನಲ್ಲಿ ನಾಲ್ಕು ಅಡಿ ಅಗಲ, ಒಂಬತ್ತು ಅಡಿ ಉದ್ದದ ಬಿಸಿಲು ಬೀಳುವ ನೆಲವುಳ್ಳವನು, ಬೇಗ ಫಲಿಸುವ ತಳಿಯೊಂದನ್ನು ದಿನವೆಣಿಸಿ ಬಿತ್ತಿದ್ದಾದರೆ, ಆ ಅಭಾವದ ದಿನಗಳಲ್ಲಿ ತನ್ನ ಅಡುಗೆಮನೆಯ ಮಟ್ಟಿಗಾದರೂ ನಿಶ್ಚಿಂತನಾಗಿರಬಲ್ಲನು. ಅದರ ಕ್ರಮವನ್ನು ಇಲ್ಲಿ ವಿವರಿಸಲು ನಾವು ಉದ್ದೇಶಿಸಿದ್ದೇವೆ.

ಟೊಮ್ಯಾಟೊ ನಮ್ಮ ನಾಡಿನ ಪ್ರಾಚೀನ ಸಸ್ಯವಲ್ಲ. ಅದರ ಕಾಡುಕುಲವು ದಕ್ಷಿಣ ಅಮೆರಿಕಾದ ಆಂಡೀಸ್ ಪರ್ವತಗಳ ಸೀಮೆಯದು. ಅದನ್ನು ತೋಟದ ಬೆಳೆಯಾಗಿ ಪಳಗಿಸಿದವರು ಮೆಕ್ಸಿಕೋ ದೇಶದ ಮೂಲನಿವಾಸಿಗಳು. ಕ್ರಿ. ಶ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದದ ಪ್ರಕರಣವಿದ್ದರೂ, ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನೇ ಬರೆದಿದ್ದರೂ, ಅವುಗಳಲ್ಲಿ ಈ ಹಣ್ಣಿಗೆ ಸ್ಥಾನವಿರಲು ಸಾಧ್ಯವಿಲ್ಲ. ಹೊರಗಿನಿಂದ ಬಂದುದೆಂಬ ಕಾರಣದಿಂದಲೇ ಶ್ರಾದ್ಧದ ಅಡುಗೆಯಲ್ಲಿ ಇಂದಿಗೂ ಅನೇಕ ಮನೆಗಳವರು ಇದನ್ನು ಬಳಸುವುದಿಲ್ಲ. ‘ಚಪ್ಪರಬದನೆ’ಯೆಂದು ಇದಕ್ಕೊಂದು ಕನ್ನಡದ ಹೆಸರುಂಟು. ಬದನೆಯ ಬಂಧುವೆಂಬುದನ್ನು ಗುರುತಿಸಿ ಇಟ್ಟ ಆ ಹೆಸರು ಶಾಸ್ತ್ರಕ್ಕೂ ಸಮ್ಮತವಾದುದು. ಬದನೆ, ಮೆಣಸಿನಕಾಯಿ, ಆಲೂಗಡ್ಡೆ, ಹೊಗೆಸೊಪ್ಪು, ಟೊಮ್ಯಾಟೊ ಇವೆಲ್ಲವೂ ಒಂದೇ ಕುಟುಂಬಕ್ಕೆ ಸೇರಿದ ಸಸ್ಯಗಳು. ಈ ಬಂಧುತ್ವದ ಉಪಯೋಗವು ಮುಂದೆ ನೆಲವನ್ನಾರಿಸುವಾಗ ತಿಳಿದೀತು.

ಬೇಗ ಫಲಿಸುವುದೆಂದರೇನು?

ಒಂದು ತಳಿಯು ಮತ್ತೊಂದಕ್ಕಿಂತ ಬೇಗ ಹಣ್ಣು ಕೊಡುವುದಕ್ಕೆ ಕಾರಣವು ಗಿಡದ ರಚನೆಯಲ್ಲಿಯೇ ಅಡಗಿದೆ. ಎತ್ತರಕ್ಕೆ ಬೆಳೆಯುವ ಸಾಮಾನ್ಯ ಟೊಮ್ಯಾಟೊ ಗಿಡವು ಏಳೆಂಟು ಎಲೆಗಳನ್ನೋ ಅದಕ್ಕೂ ಹೆಚ್ಚಾಗಿಯೋ ಬಿಟ್ಟ ಮೇಲೆ ಮೊದಲ ಹೂಗೊಂಚಲನ್ನು ತಳೆಯುವುದು; ಅಲ್ಲಿಂದ ಮೂರು ಮೂರು ಎಲೆಗಳಿಗೊಂದು ಗೊಂಚಲಿನಂತೆ ಮೇಲೇರುತ್ತಲೇ ಹೋಗುವುದು. ಬೇಗದ ಗಿಡ್ಡ ತಳಿಗಳಾದರೋ ಕೆಲವೇ ಎಲೆಗಳಾದೊಡನೆ ಹೂ ಬಿಟ್ಟು, ಆಮೇಲೆ ಒಂದೆರಡು ಎಲೆಗಳಿಗೊಂದು ಗೊಂಚಲನ್ನಿಟ್ಟು, ಕೊನೆಗೆ ಕುಡಿಯೇ ಹೂಗೊಂಚಲಾಗಿ ಮುಗಿದು ಬೆಳವಣಿಗೆಯನ್ನು ತಾವಾಗಿಯೇ ನಿಲ್ಲಿಸುವುವು. ಇಂತಹ ಗಿಡವು ಮೊದಲು ಕಾಣಿಸಿಕೊಂಡುದು 1914ರಲ್ಲಿ, ಅಮೆರಿಕಾದ ಫ್ಲಾರಿಡಾ ರಾಜ್ಯದಲ್ಲಿ. ಯಾರ ಪ್ರಯತ್ನವೂ ಇಲ್ಲದೆ ತಾನಾಗಿ ಉಂಟಾದ ಆ ಒಂದು ವ್ಯತ್ಯಾಸವು ಇಂದು ಲೋಕದ ಅಸಂಖ್ಯ ಗಿಡ್ಡ ತಳಿಗಳಲ್ಲಿ ಸೇರಿಕೊಂಡಿದೆ.

ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಹೂವು ಕಾಯಿಯಾಗಿ ಕಾಯಿಯು ಕೆಂಪೇರುವುದಕ್ಕೆ ಯಾವ ತಳಿಯಲ್ಲಾದರೂ ಸುಮಾರು ಆರೇಳು ವಾರಗಳು ಬೇಕು. ಬೇಗದ ತಳಿಯು ದಿನಗಳನ್ನು ಉಳಿಸುವುದು ಮುಖ್ಯವಾಗಿ ಹೂವಿಗೆ ಮುಂಚಿನ ಕಾಲದಲ್ಲಿ. ಆದುದರಿಂದ ಕಾಯಿ ಕಚ್ಚಿದ ಮೇಲೆ ಗೊಬ್ಬರವನ್ನು ಹೇರಿ, ನೀರನ್ನು ಸುರಿದು ಹಣ್ಣನ್ನು ಅವಸರಪಡಿಸಲು ಹೋದರೆ ಫಲವಿಲ್ಲ. ಬೇಗವೆಂಬುದು ಬೀಜದಲ್ಲಿರುವ ಗುಣ. ಅದು ಕೆಡದಂತೆ ನೋಡಿಕೊಳ್ಳುವುದಷ್ಟೇ ತೋಟಗಾರನ ಕೆಲಸ.

ನಮ್ಮ ದೇಶದಲ್ಲಿ ಈ ಜಾತಿಯ ತಳಿಗಳ ಪೈಕಿ ಬಹುಕಾಲದಿಂದ ಪ್ರಸಿದ್ಧವಾದುದು ‘ಪೂಸಾ ಅರ್ಲಿ ಡ್ವಾರ್ಫ್’. ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ‘ಇಂಪ್ರೂವ್ಡ್ ಮೀರಟಿ’ ಮತ್ತು ‘ರೆಡ್ ಕ್ಲೌಡ್’ ಎಂಬೆರಡು ತಳಿಗಳನ್ನು ಸಂಕರಗೊಳಿಸಿ ಇದನ್ನು ಪಡೆದರು. ಆ ಸಂಸ್ಥೆಯು 1905ರಲ್ಲಿ ಬಿಹಾರದ ಪೂಸಾ ಎಂಬ ಗ್ರಾಮದಲ್ಲಿ ಸ್ಥಾಪಿತವಾಗಿ, 1934ರ ಭೂಕಂಪದಲ್ಲಿ ಕಟ್ಟಡಗಳು ಹಾಳಾದ ಕಾರಣ 1936ರಲ್ಲಿ ದಿಲ್ಲಿಗೆ ಬಂದಿತು. ಊರು ಬಿಟ್ಟರೂ ಊರಿನ ಹೆಸರು ಉಳಿದುಕೊಂಡಿತು. ಗಿಡವು ಗಿಡ್ಡ, ಹಣ್ಣು ತುಸು ಚಪ್ಪಟೆಯಾಗಿ ದುಂಡಗೆ, ಮಧ್ಯಮ ಗಾತ್ರದ್ದು, ಸಸಿಯನ್ನು ನಾಟಿ ಮಾಡಿದ ಮೇಲೆ 75ರಿಂದ 80 ದಿನಗಳಿಗೆ ಹಣ್ಣಾಗುವುದು. ಈ ಬೀಜ ದೊರೆಯದಿದ್ದ ಪಕ್ಷದಲ್ಲಿ, ಪೊಟ್ಟಣದ ಮೇಲೆ ‘ಡಿಟರ್ಮಿನೇಟ್’ ಎಂದೂ, 80 ದಿನಗಳಿಗೆ ಮೀರದ ಅವಧಿಯನ್ನೂ ನಮೂದಿಸಿರುವ ಬೇರೆ ತಳಿಯನ್ನು ಕೊಳ್ಳಬಹುದು. ಪೊಟ್ಟಣದ ಮೇಲಿನ ದಿನಗಳನ್ನು ಸಾಮಾನ್ಯವಾಗಿ ನಾಟಿ ಮಾಡಿದ ದಿನದಿಂದ ಎಣಿಸಿರುತ್ತಾರೆಯೇ ಹೊರತು ಬಿತ್ತಿದ ದಿನದಿಂದಲ್ಲ. ಇದನ್ನರಿಯದವರು ಹಣ್ಣು ತಡವಾಯಿತೆಂದು ಬೀಜವನ್ನು ವೃಥಾ ದೂಷಿಸುತ್ತಾರೆ.

ಈ ತಳಿಗಳ ಕೊರತೆಯನ್ನೂ ಮುಚ್ಚಿಡದೆ ಹೇಳಬೇಕು. ಎಲೆ ಕಡಮೆ, ಕಾಯಿ ಹೆಚ್ಚು ಇರುವ ಗಿಡದಲ್ಲಿ ಒಂದೊಂದು ಹಣ್ಣಿಗೂ ದೊರೆಯುವ ಸಕ್ಕರೆಯ ಪಾಲು ಕಡಮೆಯಾಗುವುದು. ನಿಧಾನವಾಗಿ ಮಾಗುವ ಎತ್ತರದ ತಳಿಗಳ ಸವಿ ಇದಕ್ಕೆ ಬಾರದು. ಸಾರು, ಗೊಜ್ಜು, ಚಟ್ನಿಗಳಿಗೆ ಬೇಕಾದ ಹುಳಿ ಇದರಲ್ಲಿ ಧಾರಾಳವಾಗಿರುವುದರಿಂದ ನಮ್ಮ ಅಡುಗೆಗೆ ಅದೊಂದು ದೊಡ್ಡ ಲೋಪವೆನಿಸದು.

ಬಿತ್ತುವ ಕಾಲದ ಗಣನೆ

ಫಲವು ಬೇಕಾದ ದಿನದಿಂದ ಹಿಂದಕ್ಕೆ ಎಣಿಸುವುದೇ ಸರಿಯಾದ ರೀತಿ. ಬೆಂಗಳೂರು, ಮೈಸೂರು, ತುಮಕೂರು, ಹಾಸನ ಮುಂತಾದ ದಕ್ಷಿಣದ ಬಯಲುಸೀಮೆಯಲ್ಲಿ ಜುಲೈ ಮೊದಲ ವಾರದ ಸುಮಾರಿಗೆ, ಎಂದರೆ ಆರಿದ್ರಾ ಮಳೆ ಮುಗಿದು ಪುನರ್ವಸು ಹುಟ್ಟುವ ಹೊತ್ತಿಗೆ, ಮೊದಲ ಹಣ್ಣು ಬೇಕೆಂದುಕೊಳ್ಳೋಣ. ಅದಕ್ಕೆ 75 ದಿನಗಳ ಹಿಂದೆ, ಏಪ್ರಿಲ್ 20ರ ಸುಮಾರಿಗೆ ಅಶ್ವಿನಿ ಮಳೆಯಲ್ಲಿ, ಸಸಿಯು ಪಾತಿಯಲ್ಲಿರಬೇಕು. ಸಸಿಗೆ 25 ದಿನಗಳ ಪ್ರಾಯ ಬೇಕಾದುದರಿಂದ ಮಾರ್ಚ್ 25ರ ಆಸುಪಾಸಿನಲ್ಲಿ ಬೀಜ ಬಿತ್ತಬೇಕು. ಯುಗಾದಿಯು ಸಾಮಾನ್ಯವಾಗಿ ಈ ದಿನಗಳ ಹಿಂದು ಮುಂದೆಯೇ ಬರುವುದರಿಂದ, ಬೇವು ಬೆಲ್ಲದ ಹಬ್ಬದ ಸಮಯವೇ ಬೀಜದ ಸಮಯವೆಂದು ನೆನಪಿಟ್ಟುಕೊಂಡರೆ ಸಾಕು.

ಈ ಗಣನೆಯಿಂದ ಮತ್ತೊಂದು ಅನುಕೂಲವುಂಟು. ಟೊಮ್ಯಾಟೊ ಹೂವಿಗೆ ಅತಿಯಾದ ಬಿಸಿ ಸಹಿಸದು. ಹಗಲಿನ ತಾಪವು 35 ಡಿಗ್ರಿ ಸೆಲ್ಸಿಯಸ್ ಮೀರಿ, ರಾತ್ರಿಯೂ ತಂಪಾಗದಿದ್ದರೆ ಪರಾಗವು ನಿಸ್ಸತ್ತ್ವವಾಗಿ ಹೂ ಉದುರಿಬೀಳುವುದು. ಮೇಲೆ ಹೇಳಿದಂತೆ ಬಿತ್ತಿದ ಗಿಡವು ಹೂ ಬಿಡುವುದು ಮೇ ಮಾಸದ ಉತ್ತರಾರ್ಧದಲ್ಲಿ, ಕೃತ್ತಿಕೆ ರೋಹಿಣಿ ಮಳೆಗಳು ಬಿದ್ದು ನೆಲ ತಣಿಯುವ ಕಾಲದಲ್ಲಿ. ಒಂದು ತಿಂಗಳು ಮೊದಲೇ ಬಿತ್ತಿದವರ ಗಿಡಗಳು ಏಪ್ರಿಲ್ ಬಿಸಿಲಿನಲ್ಲಿ ಹೂ ಬಿಟ್ಟು ಹೂವನ್ನೇ ಕಳೆದುಕೊಳ್ಳುವುವು. ಬೇಗ ಬಿತ್ತಿದುದರಿಂದ ಹಣ್ಣು ಬೇಗ ಬರಲೇಬೇಕೆಂಬ ನಿಯಮವಿಲ್ಲ.

ಕಲಬುರಗಿ, ರಾಯಚೂರು, ವಿಜಯಪುರಗಳ ಕಡೆ ಮೇ ತಿಂಗಳಿನ ತಾಪವು 40 ಡಿಗ್ರಿಗಳನ್ನು ಮುಟ್ಟುವುದರಿಂದ ಈ ಗಣನೆ ಅಲ್ಲಿಗೆ ಸಲ್ಲದು. ಅಲ್ಲಿಯವರು ಜೂನ್ ಜುಲೈಯಲ್ಲಿ ಬಿತ್ತತಕ್ಕುದು. ಕರಾವಳಿ ಮತ್ತು ಮಲೆನಾಡಿನವರು ಜಡಿಮಳೆ ಕಳೆದು ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಬಿತ್ತುವುದೇ ಲೇಸು.

ಗಿಡ್ಡ ತಳಿಯ ಹಣ್ಣೆಲ್ಲ ನಾಲ್ಕೈದು ವಾರಗಳೊಳಗೆ ಒಟ್ಟಾಗಿ ಬಂದು ಮುಗಿದುಹೋಗುವುದು. ಆದಕಾರಣ ಹನ್ನೆರಡು ಗಿಡಗಳನ್ನು ಬೆಳೆಸತಕ್ಕವರು ಆರನ್ನು ಮೊದಲೂ, ಇನ್ನಾರನ್ನು ಮೂರು ವಾರಗಳ ಅನಂತರವೂ ಬಿತ್ತಿದರೆ ಹಣ್ಣಿನ ಕಾಲವು ಎರಡು ತಿಂಗಳವರೆಗೆ ಹರಡುವುದು. ಹಿತ್ತಿಲಿನಲ್ಲಿ ಗಿಡವೊಂದಕ್ಕೆ ಸುಮಾರು ಒಂದು ಕಿಲೋಗ್ರಾಂ ಹಣ್ಣನ್ನು ನಿರೀಕ್ಷಿಸಬಹುದು. ಹನ್ನೆರಡು ಕಿಲೋಗ್ರಾಂ ಹಣ್ಣು ಅಗ್ಗದ ದಿನಗಳಲ್ಲಿ ಅಲ್ಪವೆನಿಸಿದರೂ ಅಭಾವದ ದಿನಗಳಲ್ಲಿ ಅಲ್ಪವಲ್ಲ.

ಸಸಿಮಡಿ

ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಇವುಗಳನ್ನು ಸಮಭಾಗವಾಗಿ ಬೆರೆಸಿ, ತಳದಲ್ಲಿ ರಂಧ್ರವಿರುವ ಅಗಲವಾದ ಕುಂಡವೊಂದರಲ್ಲಿ ತುಂಬಿ, ಅರ್ಧ ಅಂಗುಲಕ್ಕಿಂತ ಆಳವಾಗದಂತೆ ಬೀಜಗಳನ್ನು ಎರಡೆರಡು ಅಂಗುಲ ದೂರದಲ್ಲಿ ಊರಬೇಕು. ಮೇಲೆ ತೆಳುವಾಗಿ ಒಣಹುಲ್ಲನ್ನು ಹರಡಿ, ಹನಿ ಹನಿಯಾಗಿ ನೀರು ಚಿಮುಕಿಸುತ್ತಿರಬೇಕು. ಐದರಿಂದ ಎಂಟು ದಿನಗಳಲ್ಲಿ ಮೊಳಕೆ ತೋರುವುದು. ಕೂಡಲೆ ಹುಲ್ಲನ್ನು ತೆಗೆದು ಕುಂಡವನ್ನು ಬೆಳಕಿಗೆ ತರತಕ್ಕುದು. ನೆರಳಿನಲ್ಲಿಟ್ಟ ಸಸಿಗಳು ಬಿಳಿಚಿಕೊಂಡು ಎಳೆಯಂತೆ ನೀಳವಾಗುವುವು.

ಬೇಸಗೆಯಲ್ಲಿ ಸಸಿಗೆ ಪರಮಶತ್ರುವೆಂದರೆ ಬಿಳಿನೊಣ. ಅದು ಎಲೆಯ ರಸ ಹೀರುವ ನಷ್ಟ ಅಷ್ಟೇನೂ ದೊಡ್ಡದಲ್ಲ; ಹೀರುವಾಗ ಅದು ಎಲೆ ಮುಟುರು ರೋಗದ ವಿಷಾಣುವನ್ನು ಗಿಡದಿಂದ ಗಿಡಕ್ಕೆ ಸಾಗಿಸುವುದೇ ಅನರ್ಥ. ಎಲೆಗಳು ಸುರುಟಿ, ಗಿಡ ಕುಬ್ಜವಾಗಿ ನಿಂತರೆ ಅದಕ್ಕೆ ಔಷಧವಿಲ್ಲ. ಆ ಗಿಡವನ್ನು ಕಿತ್ತು ನಾಶಪಡಿಸಿ ಉಳಿದುವನ್ನು ಕಾಪಾಡಿಕೊಳ್ಳಬೇಕು. ಆದುದರಿಂದ ಬೀಜ ಊರಿದ ದಿನವೇ ಕುಂಡದ ಮೇಲೆ ಬಿದಿರಿನ ಕಡ್ಡಿಗಳನ್ನು ಬಾಗಿಸಿ ನಿಲ್ಲಿಸಿ, ಸಣ್ಣ ಕಣ್ಣಿನ ನೈಲಾನ್ ಬಲೆಯನ್ನು ಹೊದಿಸುವುದು ಅತ್ಯಾವಶ್ಯಕ. ಸಾಮಾನ್ಯ ಸೊಳ್ಳೆಪರದೆಯ ಕಣ್ಣು ಈ ನೊಣಕ್ಕೆ ಹೆಬ್ಬಾಗಿಲು. ನರ್ಸರಿಯವರು ಬಳಸುವ 40 ಅಥವಾ 50 ಮೆಶ್ಶಿನ ಬಲೆಯೇ ಬೇಕು. ಈ ಒಂದು ವಿಷಯದಲ್ಲಿ ಮಾತ್ರ ಮಿತವ್ಯಯವನ್ನು ಬದಿಗಿಡಬೇಕೆಂದು ನಾವು ಸೂಚಿಸುತ್ತೇವೆ.

ನಾಲ್ಕೈದು ಎಲೆಗಳುಳ್ಳ, ಗೇಣಿಗಿಂತ ಕಿರಿದಾದ, ಕಾಂಡ ಗಟ್ಟಿಯಾದ ಸಸಿಯು ನಾಟಿಗೆ ಯೋಗ್ಯ. ಅದಕ್ಕೆ ನಾಲ್ಕೈದು ದಿನ ಮೊದಲೇ ನೀರನ್ನು ಕಡಮೆ ಮಾಡಿ ಬಿಸಿಲಿಗೆ ರೂಢಿಸಬೇಕು. ಅಂಗಡಿಯಲ್ಲಿ ಮೊಗ್ಗು ಹೂವಿನೊಂದಿಗೆ ಮಾರುವ ಸಸಿಯನ್ನು ಕಂಡು ಹಣ್ಣು ಇನ್ನೂ ಬೇಗ ದೊರೆಯುವುದೆಂದು ಆಸೆಪಟ್ಟು ಕೊಳ್ಳುವವರುಂಟು. ಸಣ್ಣ ಕುಂಡದಲ್ಲಿ ಬೇರು ಸುತ್ತಿಕೊಂಡು ಹೂ ಬಿಟ್ಟ ಗಿಡ್ಡ ತಳಿಯು ನೆಲಕ್ಕೆ ಬಂದ ಮೇಲೆ ಮೈದುಂಬುವುದು ಕಷ್ಟ. ನಾಲ್ಕು ಕಾಯಿ ಕೊಟ್ಟು ಅಲ್ಲಿಗೇ ನಿಲ್ಲುವುದು.

ನೆಲ ಮತ್ತು ನಾಟಿ

ದಿನಕ್ಕೆ ಆರು ಗಂಟೆಗಳಿಗೆ ಕಡಮೆಯಿಲ್ಲದಂತೆ ಬಿಸಿಲು ಬೀಳುವ, ನೀರು ನಿಲ್ಲದ ಸ್ಥಳವನ್ನು ಆರಿಸಬೇಕು. ಹಿಂದಿನ ಸಲ ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೆಳೆದ ಪಾತಿಯು ಬೇಡ. ಆ ಬಂಧುಗಳಿಗೆ ತಗಲುವ ದುಂಡಾಣು ಸೊರಗು ರೋಗದ ಬೀಜಾಣುಗಳು ಮಣ್ಣಿನಲ್ಲಿಯೇ ಉಳಿದು ಹಸುರಾಗಿರುವ ಗಿಡವನ್ನು ಒಮ್ಮೆಗೇ ಬಾಡಿಸಿ ಕೆಡವುವುವು. ಆ ರೋಗವು ನೆಲೆಯೂರಿದ ಹಿತ್ತಿಲುಳ್ಳವರು ಬೇಗದ ಆಸೆಯನ್ನು ಬಿಟ್ಟು, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಸಿದ್ಧಪಡಿಸಿರುವ ‘ಅರ್ಕಾ ರಕ್ಷಕ್’ ಎಂಬ ಸಂಕರ ತಳಿಯನ್ನು ಹಾಕುವುದು ವಿವೇಕ. ಎಲೆ ಮುಟುರು, ದುಂಡಾಣು ಸೊರಗು, ಅಂಗಮಾರಿ ಎಂಬ ಮೂರು ರೋಗಗಳನ್ನು ತಡೆಯುವ ಶಕ್ತಿ ಅದಕ್ಕುಂಟು.

ಸಾಲಿನಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಅಂತರವಿಟ್ಟು ಒಂದಡಿ ಆಳದ ಗುಂಡಿಗಳನ್ನು ತೋಡಿ, ಎರಡು ಮೂರು ಬೊಗಸೆ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ, ಸ್ವಲ್ಪ ಸೌದೆಯ ಬೂದಿ ಇವುಗಳನ್ನು ಮಣ್ಣಿಗೆ ಬೆರೆಸಿ ತುಂಬಬೇಕು. ಹಸಿಯ ಸಗಣಿಯನ್ನೂ ಯೂರಿಯಾವನ್ನೂ ಹೆಚ್ಚಾಗಿ ಹಾಕಿದರೆ ಗಿಡವು ಸೊಪ್ಪಿನ ಮೆಳೆಯಾಗಿ ಹೂವನ್ನು ಹಿಂದಕ್ಕೆ ತಳ್ಳುವುದು. ಬೇಗದ ತಳಿಯನ್ನು ತಡವಾದ ತಳಿಯನ್ನಾಗಿ ಮಾಡಲು ಇದಕ್ಕಿಂತ ಸುಲಭೋಪಾಯವಿಲ್ಲ.

ಸಂಜೆಯ ವೇಳೆಯಲ್ಲಿ, ಕೆಳಗಿನ ಎಲೆಗಳವರೆಗೆ ಕಾಂಡವು ಮಣ್ಣಿನಲ್ಲಿ ಹೂತುಹೋಗುವಂತೆ ಸಸಿಯನ್ನು ನೆಡತಕ್ಕುದು. ಹೂತ ಕಾಂಡದಿಂದ ಹೊಸ ಬೇರುಗಳು ಹೊರಟು ಗಿಡಕ್ಕೆ ಬಲ ಬರುವುದು. ಪಾತಿಯ ಅಂಚಿನಲ್ಲಿ ಚೆಂಡುಹೂವಿನ ಗಿಡಗಳಿರಲಿ. ಕಾಯಿಕೊರಕದ ಚಿಟ್ಟೆಯು ಚೆಂಡುಹೂವನ್ನು ಮೆಚ್ಚಿ ಅದರಲ್ಲಿ ಮೊಟ್ಟೆಯಿಡುವುದರಿಂದ ಟೊಮ್ಯಾಟೊ ಕಾಯಿಗಳು ಬಹುಮಟ್ಟಿಗೆ ಪಾರಾಗುವುವು. ಎರಡೂ ಒಂದೇ ಕಾಲಕ್ಕೆ ಹೂ ಬಿಡಬೇಕಾದುದರಿಂದ, 25 ದಿನಗಳ ಟೊಮ್ಯಾಟೊ ಸಸಿಯೊಂದಿಗೆ 45 ದಿನಗಳ ಚೆಂಡುಹೂವಿನ ಸಸಿಯನ್ನು ನೆಡುವುದು ಕ್ರಮ. ನೆಲವಿಲ್ಲದ ಪಟ್ಟಣವಾಸಿಗಳು ಒಂದಡಿ ಆಳ, ಒಂದಡಿ ಅಗಲದ ಕುಂಡಕ್ಕೆ ಒಂದರಂತೆ ಮಹಡಿಯ ಮೇಲೆ ಬೆಳೆಸಬಹುದು. ಗಿಡ್ಡ ತಳಿಗೆ ಅಷ್ಟು ಸಾಕು.

ಉಪಚಾರ

ನೀರು ಹೆಚ್ಚು ಬೇಡ. ಏರುಪೇರು ಅದಕ್ಕಿಂತಲೂ ಬೇಡ. ನಾಲ್ಕು ದಿನ ಒಣಗಿಸಿ ಐದನೆಯ ದಿನ ಹೊಯ್ದರೆ ಹಣ್ಣು ಸೀಳುವುದು. ಸುಣ್ಣದಂಶವು ಕಾಯಿಯ ತುದಿಗೆ ತಲಪದೆ ಅಲ್ಲಿ ಕಪ್ಪು ಕೊಳೆ ಕಾಣುವುದು. ಬುಡದ ಸುತ್ತ ಮೂರಂಗುಲ ದಪ್ಪಕ್ಕೆ ರಾಗಿಯ ಹುಲ್ಲನ್ನೋ ತರಗೆಲೆಯನ್ನೋ ಮುಚ್ಚಿದರೆ ತೇವವು ಸಮನಾಗಿ ಉಳಿಯುವುದು. ಮಳೆಯ ಹನಿಗೆ ಮಣ್ಣು ಸಿಡಿದು ಎಲೆಗೆ ಅಂಗಮಾರಿ ರೋಗ ತಗಲುವುದೂ ಕಡಮೆಯಾಗುವುದು. ನೀರನ್ನು ಬೆಳಗ್ಗೆ ಬುಡಕ್ಕೆ ಹಾಕಬೇಕು, ಎಲೆಯ ಮೇಲೆ ಸುರಿಯಕೂಡದು.

ಎತ್ತರದ ತಳಿಗಳಲ್ಲಿ ಎಲೆಯ ಕಂಕುಳಿನಿಂದ ಹೊರಡುವ ಚಿಗುರುಗಳನ್ನು ಚಿವುಟುವ ಪದ್ಧತಿಯುಂಟು. ಗಿಡ್ಡ ತಳಿಯಲ್ಲಿ ಹಾಗೆ ಮಾಡಲಾಗದು. ಇದರ ಒಂದೊಂದು ಚಿಗುರೂ ಹೂಗೊಂಚಲಿನಲ್ಲಿ ಮುಗಿಯತಕ್ಕುದಾದುದರಿಂದ ಚಿಗುರನ್ನು ಚಿವುಟಿದವನು ತನ್ನ ಹಣ್ಣನ್ನೇ ಚಿವುಟಿದಂತೆ. ನೆಲಕ್ಕೆ ತಾಗಿದ ಹಳೆಯ ಎಲೆಗಳನ್ನು ಮಾತ್ರ ತೆಗೆದು, ಮೂರಡಿ ಎತ್ತರದ ಕೋಲೊಂದಕ್ಕೆ ಗಿಡವನ್ನು ಸಡಿಲವಾಗಿ ಕಟ್ಟಿದರೆ ಸಾಕು.

ಹೂವಿನ ಪರಾಗವು ಅದರದೇ ಕೇಸರಗಳ ಕೊಳವೆಯೊಳಗಿದ್ದು, ಅಲುಗಿದಾಗ ಉದುರುವುದು. ಗಾಳಿಯೂ ಝೇಂಕರಿಸುವ ದುಂಬಿಗಳೂ ಈ ಕೆಲಸವನ್ನು ಮಾಡುವುವು. ಗೋಡೆಗಳ ನಡುವೆ ಗಾಳಿಯಾಡದ ಹಿತ್ತಿಲಿನಲ್ಲಿ, ಬೆಳಗ್ಗೆ ಒಂಬತ್ತರಿಂದ ಹನ್ನೊಂದು ಗಂಟೆಯೊಳಗೆ ಗೊಂಚಲಿನ ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ಮಿಡಿಯುವುದನ್ನು ಮನೆಯ ಮಕ್ಕಳಿಗೆ ವಹಿಸಬಹುದು. ನಸುಹಳದಿಯ ಹೂವು ಮುದುಡಿ ಹಸುರು ಮಣಿಯೊಂದು ಮೂಡುವುದನ್ನು ದಿನವೂ ನೋಡುವ ಬಾಲಕರಿಗೆ ಸಸ್ಯಶಾಸ್ತ್ರದ ಒಂದು ಅಧ್ಯಾಯವು ಪುಸ್ತಕವಿಲ್ಲದೆ ತಿಳಿದೀತು.

ಕೊಯ್ಲು

ಹಣ್ಣು ಪೂರ್ಣ ಕೆಂಪಾಗುವವರೆಗೆ ಗಿಡದಲ್ಲಿಯೇ ಬಿಟ್ಟರೆ ಮಳೆಗೆ ಸೀಳುವುದು, ಹಕ್ಕಿ ಇಲಿಗಳ ಪಾಲಾಗುವುದು. ಕಾಯಿಯ ತುದಿಯಲ್ಲಿ ನಸುಗೆಂಪು ಕಂಡೊಡನೆ ಕೊಯ್ದು ಮನೆಯೊಳಗೆ ಇಟ್ಟರೆ ನಾಲ್ಕೈದು ದಿನಗಳಲ್ಲಿ ತಾನೇ ಮಾಗುವುದು. ಅದಕ್ಕೆ ಬಿಸಿಲು ಬೇಕಿಲ್ಲ. ಮಾಗಿದ ಬಾಳೆಯ ಹಣ್ಣನ್ನು ಜೊತೆಗಿಟ್ಟು ಬಟ್ಟೆ ಮುಚ್ಚಿದರೆ, ಬಾಳೆಯಿಂದ ಹೊರಡುವ ಎಥಿಲೀನ್ ಅನಿಲದಿಂದ ಇನ್ನೂ ಒಂದೆರಡು ದಿನ ಬೇಗನೆ ಬಣ್ಣ ತಿರುಗುವುದು. ಕೆಂಪು ಬಣ್ಣವು ತಂಪಿನಲ್ಲಿ ಚೆನ್ನಾಗಿ ಕೂಡುವುದು. 30 ಡಿಗ್ರಿಗೆ ಮೀರಿದ ತಾಪದಲ್ಲಿ ಹಣ್ಣು ಹಳದಿಯಾಗಿಯೇ ಉಳಿಯುವುದು. ಆದರೆ ಶೀತಪೆಟ್ಟಿಗೆಯ ಚಳಿಯೂ ಹಿತವಲ್ಲ, ಅಲ್ಲಿಟ್ಟ ಹಣ್ಣು ಪರಿಮಳವನ್ನು ಕಳೆದುಕೊಳ್ಳುವುದು. ಗಾಳಿಯಾಡುವ ಬುಟ್ಟಿಯೇ ಅದಕ್ಕೆ ತಕ್ಕ ಸ್ಥಳ.

ಮುಂದಿನ ವರ್ಷದ ಬೀಜ

ಪೂಸಾ ಅರ್ಲಿ ಡ್ವಾರ್ಫ್ ಸಂಕರ ಬೀಜವಾಗಿರದೆ ಸ್ಥಿರವಾದ ತಳಿಯಾದುದರಿಂದ ಅದರ ಬೀಜವನ್ನು ಮನೆಯಲ್ಲಿಯೇ ಉಳಿಸಿಕೊಳ್ಳಬಹುದು. ಅರ್ಕಾ ರಕ್ಷಕ್ ಮುಂತಾದ ಸಂಕರಗಳ ಬೀಜದಿಂದ ಹುಟ್ಟುವ ಗಿಡಗಳಾದರೋ ತಾಯಿಯನ್ನು ಹೋಲುವುದಿಲ್ಲ. ಬೀಜಕ್ಕಾಗಿ ಆರಿಸತಕ್ಕುದು ಅತ್ಯಂತ ದೊಡ್ಡ ಹಣ್ಣನ್ನಲ್ಲ. ರೋಗವಿಲ್ಲದೆ, ಎಲ್ಲಕ್ಕಿಂತ ಮೊದಲು ಹಣ್ಣಾದ ಗಿಡವನ್ನು. ಆ ಗಿಡದ ಎರಡು ಹಣ್ಣುಗಳು ಗಿಡದಲ್ಲಿಯೇ ಚೆನ್ನಾಗಿ ಮಾಗಲಿ. ತಿರುಳನ್ನು ಗಾಜಿನ ಲೋಟಕ್ಕೆ ಹಿಂಡಿ, ಒಂದೆರಡು ದಿನ ಹುಳಿಯಲು ಬಿಟ್ಟರೆ ಬೀಜವನ್ನು ಸುತ್ತಿದ ಲೋಳೆಯು ಕರಗುವುದು. ಅನಂತರ ತೊಳೆದು, ತಳದಲ್ಲಿ ನಿಂತ ಬೀಜವನ್ನು ಮಾತ್ರ ನೆರಳಿನಲ್ಲಿ ಆರಿಸಿ, ಕಾಗದದ ಪೊಟ್ಟಣದಲ್ಲಿಟ್ಟು, ಬಿಗಿಯಾದ ಡಬ್ಬಿಯೊಳಗೆ ತೇವ ತಗಲದಂತೆ ಇರಿಸಬೇಕು. ಹೀಗಿಟ್ಟ ಬೀಜವು ಮೂರು ನಾಲ್ಕು ವರ್ಷಗಳವರೆಗೆ ಮೊಳೆಯುವ ಶಕ್ತಿಯನ್ನು ಉಳಿಸಿಕೊಳ್ಳುವುದು.

ಪೊಟ್ಟಣದ ಮೇಲೆ ತಳಿಯ ಹೆಸರು, ಬಿತ್ತಿದ ದಿನ, ಮೊದಲ ಹೂ ಬಿಟ್ಟ ದಿನ, ಮೊದಲ ಹಣ್ಣು ಕೊಯ್ದ ದಿನ, ಈ ನಾಲ್ಕನ್ನು ಬರೆದಿಡುವುದನ್ನು ಮರೆಯಕೂಡದು. ಸಂಶೋಧನಾ ಸಂಸ್ಥೆಯವರು ಹೇಳುವ ದಿನಗಳು ಅವರ ನೆಲಕ್ಕೂ ಅವರ ಹವೆಗೂ ಸಂಬಂಧಿಸಿದುವು. ನಿಮ್ಮ ಬಾವಿಯ ನೀರು, ನಿಮ್ಮ ಗೋಡೆಯ ನೆರಳು ಅವರಿಗೆ ತಿಳಿದುದಲ್ಲ. ಮೂರು ವರ್ಷಗಳ ಪೊಟ್ಟಣಗಳನ್ನು ಸಾಲಾಗಿ ಇಟ್ಟು ನೋಡಿದಲ್ಲಿ, ಯುಗಾದಿಗೆ ಮೊದಲು ಬಿತ್ತಬೇಕೋ, ಒಂದು ವಾರ ಕಳೆದು ಬಿತ್ತಬೇಕೋ ಎಂಬುದು ನಿಮ್ಮ ಹಿತ್ತಿಲಿನ ಮಟ್ಟಿಗೆ ನಿರ್ಣಯವಾಗುವುದು. ಉಳಿದ ಬೀಜವನ್ನು ನೆರೆಮನೆಯವರಿಗೆ ಕೊಡುವಾಗ ಆ ನಾಲ್ಕನ್ನೂ ಬರೆದು ಕೊಡತಕ್ಕುದು.